ಚೀಲದಕ್ಕನ ಹನ್ನೊಂದು ಚಳಿ ಪ್ರಯೋಗಗಳು

ಚೀಲದಕ್ಕ ಒಂದು ಕಡೆ ನೆಮ್ಮದಿಯಾಗಿ ಕೂತಿದ್ದನ್ನು ಕಂಡವರು ಕಡಿಮೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅವಳ ತಾಯಿ ಹೇಳುತ್ತಿದ್ದಳಂತೆ. ಐವತ್ತೆರಡು ತುಂಬಿದರೂ ಆ ಚಕ್ರ ಸವೆದಿರಲಿಲ್ಲ, ಸವೆದದ್ದು ಮಂಡಿ ಮಾತ್ರ. ಊಟಕ್ಕೆ ಕೂತರೆ ಎರಡು ಸಲ ಎದ್ದು ಒಲೆ ಆರಿಸಿದ್ದೇನೋ ಇಲ್ಲವೋ ನೋಡಿ ಬರಬೇಕು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಬಳಿ ನಿಲ್ಲಬೇಕು. ಮಾತಾಡುವಾಗ ಕೈಯಲ್ಲಿ ಸ್ಪ್ಯಾನರೋ ಪೆನ್ನೋ ಏನಾದರೊಂದು ತಿರುಗುತ್ತಿರಬೇಕು. ಇಂಥವಳಿಗೆ ಗಂಟೆಗಟ್ಟಲೆ ಕಾಯುವ ಕೆಲಸ ಕೊಟ್ಟವರು ಯಾರು ಎಂದು ಕೇಳಬಹುದು. ಕೊಟ್ಟವರಿಗೆ ಅವಳ ಕಾಲಿನ ವಿಷಯ ಗೊತ್ತಿರಲಿಲ್ಲ, ಕೈಯ ವಿಷಯ ಗೊತ್ತಿತ್ತು.

ಕೈ ಅಂದರೆ ಅಂಥ ಕೈ. ಹಣ್ಣಿನ ಕೋಲ್ಡ್ ಸ್ಟೋರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಅಪ್ಪನ ಹಿಂದೆ ಹಿಂದೆ ತಿರುಗಿ ಕೆಲಸ ಕಲಿತವಳು. ಕಂಪ್ರೆಸರಿನ ಸದ್ದು ಕೇಳಿಯೇ ಅದಕ್ಕೆ ಏನು ಕಡಿಮೆಯಾಗಿದೆ ಎಂದು ಹೇಳುವಳು. ಈ ಸಂಶೋಧನಾಲಯಕ್ಕೆ ಬಂದು ಈಗ ಹದಿಮೂರು ವರ್ಷ. ಇಲ್ಲಿ ಎಲ್ಲರೂ ಡಾಕ್ಟರುಗಳೇ, ಆದರೆ ಔಷಧ ಕೊಡುವವರಲ್ಲ. ಇದನ್ನು ನೆರೆಮನೆಯವರಿಗೆ ತಿಳಿಸಿ ಹೇಳುವಷ್ಟರಲ್ಲಿ ಅವಳಿಗೆ ಸಾಕುಸಾಕಾಗಿತ್ತು. "ಡಾಕ್ಟರ ಹತ್ರ ಕೆಲಸ" ಎಂದು ಒಮ್ಮೆ ಬಾಯಿತಪ್ಪಿ ಅಂದಿದ್ದೇ ತಡ, ಬೀದಿಯಲ್ಲಿ ಕೆಮ್ಮಿದವರೆಲ್ಲ ಮಾತ್ರೆ ಕೇಳಿಕೊಂಡು ಬಾಗಿಲಿಗೆ ಬಂದರು.

ಅವಳು ನೋಡಿಕೊಳ್ಳುತ್ತಿದ್ದದ್ದು ಒಂದು ಚೀಲವನ್ನು. ಮಲಗುವ ಕೋಣೆಯಷ್ಟು ದೊಡ್ಡದು, ತೆಳ್ಳಗೆ, ಆಚೆಯದೆಲ್ಲ ಕಾಣುವಂಥದ್ದು. ಅದನ್ನು ಒಂದು ದಪ್ಪ ಗೋಡೆಯ ಕೋಣೆಯೊಳಗೆ ತೂಗುಹಾಕಿದ್ದರು. ಆ ಕೋಣೆಯನ್ನು ನಲವತ್ತು ಡಿಗ್ರಿಗೆ ಕಾಯಿಸಬಹುದು, ಸೊನ್ನೆಗಿಂತ ಹತ್ತು ಡಿಗ್ರಿ ಕೆಳಕ್ಕೂ ಇಳಿಸಬಹುದು. ಚೀಲದ ತುಂಬ ಶುದ್ಧ ಗಾಳಿ ತುಂಬುತ್ತಾರೆ. ಅದಕ್ಕೆ ಸೂಜಿಯಿಂದ ಮರದ ಎಣ್ಣೆಯನ್ನು ಬಿಡುತ್ತಾರೆ. ಎಷ್ಟು ಎಂದರೆ ಸೊಳ್ಳೆಯ ಹೊಟ್ಟೆ ತುಂಬುವಷ್ಟು, ಅದಕ್ಕಿಂತ ಹೆಚ್ಚಿಲ್ಲ. ಆಮೇಲೆ ಓಜೋನ್ ಬಿಟ್ಟು ಗಾಜಿನ ಈಚೆ ಕೂತು ಪರದೆ ನೋಡುತ್ತಾರೆ. ಇದೇ ಪ್ರಯೋಗ. ಮೊದಲ ಒಂಬತ್ತು ವರ್ಷ ಅವಳಿಗೆ ಇದು ದುಡ್ಡು ಹೆಚ್ಚಾದವರ ಆಟದಂತೆ ಕಂಡಿತ್ತು.

ಹಾಗಲ್ಲ ಎಂದು ತಿಳಿಸಿಕೊಟ್ಟವಳು ಸಣ್ಣ ಡಾಕ್ಟರು. ದೊಡ್ಡ ಡಾಕ್ಟರು ಎಂದರೆ ವಿಭಾಗದ ಮುಖ್ಯಸ್ಥರು, ಮಾತಾಡಿದರೆ ಮುತ್ತು ಉದುರೀತೆಂದು ಬಾಯಿ ಮುಚ್ಚಿಕೊಂಡಿರುವವರು. ಸಣ್ಣ ಡಾಕ್ಟರು ನಾಲ್ಕು ವರ್ಷದ ಹಿಂದೆ ಬಂದ ಹುಡುಗಿ, ಮೂವತ್ತೊಂದರ ಪ್ರಾಯ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವಳು, ಕೇಳದಿದ್ದದ್ದಕ್ಕೂ.

"ಮರ ಬಿಸಿಲಿಗೆ ವಾಸನೆ ಬಿಡುತ್ತೆ ಅಕ್ಕ. ಬಿಸಿ ಏರಿದಷ್ಟೂ ವಾಸನೆ ಜಾಸ್ತಿ" ಎಂದು ಅವಳು ಮೊದಲ ದಿನವೇ ಶುರುಮಾಡಿದ್ದಳು. "ಆ ವಾಸನೆಗೆ ಗಾಳಿಲಿರೋ ಓಜೋನ್ ಸಿಕ್ಕಿದ್ರೆ ಅದು ಮುರಿಯುತ್ತೆ, ಆಮ್ಲಜನಕ ಅಂಟಿಸ್ಕೊಳ್ಳುತ್ತೆ, ಭಾರ ಆಗುತ್ತೆ. ಭಾರ ಆದದ್ದೆಲ್ಲ ಒಟ್ಟು ಸೇರಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಆಗುತ್ತೆ. ದೂರದ ಕಾಡಿನ ಮೇಲೆ ನೀಲಿ ಮಬ್ಬು ಇರುತ್ತಲ್ಲ, ಅದು ಇದೇ. ಮೋಡದ ಹನಿ ಕಟ್ಟೋದೂ ಇಂಥ ಕಣದ ಮೇಲೇ."

"ಹಾಗಾದ್ರೆ ಬಿಸಿಲಲ್ಲಿ ಮಬ್ಬು ಜಾಸ್ತಿ ಅನ್ನಿ."

"ಅಲ್ಲೇ ಇರೋದು ತಕರಾರು. ಬಿಸಿ ಇದ್ರೆ ಅಣುಗಳು ಚುರುಕು. ಒಂದರ ಮೇಲೊಂದು ಆಮ್ಲಜನಕ ಹೊತ್ಕೊಂಡು ಬೇಗ ಭಾರ ಆಗ್ತವೆ. ಚಳೀಲಿ ಆ ಕೆಲಸ ನಿಧಾನ. ಆದ್ರೆ ಚಳೀಲಿ ಹಗುರವಾದದ್ದೂ ಹಾರಿಹೋಗಲ್ಲ, ಪಾತ್ರೆ ಮುಚ್ಚಳದ ಮೇಲೆ ಹಬೆ ಹನಿಯಾದ ಹಾಗೆ ಕೂತ್ಬಿಡುತ್ತೆ. ಒಂದು ಆ ಕಡೆ ಎಳೆಯುತ್ತೆ, ಇನ್ನೊಂದು ಈ ಕಡೆ. ಭೂಮಿ ಬಿಸಿ ಆಗ್ತಾ ಹೋದ್ರೆ ಯಾವುದು ಗೆಲ್ಲುತ್ತೆ? ಅದನ್ನ ಅಳೆಯೋಕೇ ನಿಮ್ಮ ಚೀಲ."

ನಿಮ್ಮ ಚೀಲ ಎಂದದ್ದು ಅಕ್ಕನ ಮನಸ್ಸಿಗೆ ನಾಟಿತು. ಅವತ್ತಿನಿಂದ ಆ ಹುಡುಗಿಯ ಬಗ್ಗೆ ಅವಳಿಗೆ ಒಡಹುಟ್ಟಿದ ತಂಗಿಯ ಮೇಲಿರುವಷ್ಟು ಮಮತೆ, ಅಷ್ಟೇ ಅಧಿಕಾರ. ಅಧಿಕಾರವಂತೂ ಅವಳು ಎಲ್ಲರ ಮೇಲೂ ನಡೆಸುತ್ತಿದ್ದಳು. ಒಂದು ಕಿತ್ತಳೆ ಸುಲಿದರೆ ಸಾಕು, ಅದರ ಸಿಪ್ಪೆಯ ವಾಸನೆ ಚೀಲದ ಲೆಕ್ಕ ಕೆಡಿಸುತ್ತದೆ ಎಂದು ತಿಳಿದ ಮೇಲೆ ಆ ಮೊಗಸಾಲೆಯಲ್ಲಿ ಕಿತ್ತಳೆಗೆ ಪ್ರವೇಶವಿಲ್ಲ. ತಲೆಗೆ ಎಣ್ಣೆ ಹಚ್ಚಿ ಬಂದವರನ್ನು ಬಾಗಿಲಿನಿಂದಲೇ ವಾಪಸು ಕಳಿಸುವಳು. ಗಡ್ಡ ಬೋಳಿಸಿ ಘಮಘಮ ಎನ್ನುತ್ತ ಬಂದ ದೊಡ್ಡ ಡಾಕ್ಟರಿಗೇ ಒಮ್ಮೆ "ಮುಖ ತೊಳ್ಕೊಂಡು ಬನ್ನಿ ಸಾರ್" ಎಂದಿದ್ದಳು. ಅವರು ತೊಳೆದುಕೊಂಡೇ ಬಂದರು.

ಈ ಚಡಪಡಿಕೆಯ ಹೆಂಗಸಿಗೆ ಮನಸ್ಸು ನಿಲ್ಲುತ್ತಿದ್ದ ಜಾಗ ಒಂದೇ, ಆ ಚಳಿಕೋಣೆ. ಸೊನ್ನೆಯ ಕೆಳಗೆ ಇಳಿದಾಗ ಚೀಲದೊಳಗಿನ ಫ್ಯಾನಿಗೆ, ಗಾಳಿ ಎಳೆಯುವ ಕೊಳವೆಯ ತುದಿಗೆ ಹಿಮದ ಪುಡಿ ಕಟ್ಟುತ್ತದೆ. ಪ್ರಯೋಗಕ್ಕೆ ಮುಂಚೆ ಯಾರಾದರೂ ಮೈತುಂಬ ಬಿಳಿ ಸೂಟು ಹಾಕಿಕೊಂಡು, ಚೀಲದ ಬಾಯಿ ಬಿಚ್ಚಿ ಒಳಗೆ ನುಸುಳಿ, ಮಂಡಿಯೂರಿ ಕೂತು ಅದನ್ನು ಒರೆಸಬೇಕು. ಇಪ್ಪತ್ತು ನಿಮಿಷದ ಕೆಲಸ. ಒಳಗೆ ಮಾತಿಲ್ಲ, ಫೋನಿಲ್ಲ, ಉಸಿರು ಮಾತ್ರ. ಆ ಇಪ್ಪತ್ತು ನಿಮಿಷ ಅವಳ ತಲೆಯೊಳಗಿನ ಸಂತೆ ಮುಚ್ಚುತ್ತಿತ್ತು. ಹೊರಗೆ ಬಂದ ಕೂಡಲೇ ಮತ್ತೆ ತೆರೆಯುತ್ತಿತ್ತು, ಆ ಮಾತು ಬೇರೆ.

ಮಂಡಿ ಕೈಕೊಟ್ಟದ್ದು ನಾಲ್ಕು ವರ್ಷದಿಂದ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ವರ್ಷಕ್ಕೊಮ್ಮೆ ಕಚೇರಿಯಿಂದ ಒಂದು ತಪಾಸಣೆ ಇರುತ್ತದೆ, ಚಳಿಕೋಣೆಗೆ ಹೋಗುವವರು ದೈಹಿಕವಾಗಿ ಸರಿಯಿದ್ದಾರೋ ಎಂದು. ಹತ್ತು ಸಲ ಕೂತು ಏಳು ಅನ್ನುತ್ತಾರೆ. ಅವಳು ಹಲ್ಲು ಕಚ್ಚಿ, ಮುಖದಲ್ಲಿ ನಗು ಇಟ್ಟುಕೊಂಡು ಹತ್ತಕ್ಕೆ ಹನ್ನೆರಡು ಸಲ ಏಳುವಳು. ಗೊತ್ತಾದರೆ ಒಳಗೆ ಬಿಡುವುದಿಲ್ಲ. ಒಳಗೆ ಬಿಡದಿದ್ದರೆ ತಾನು ಯಾಕೆ ಅಲ್ಲಿರಬೇಕು?

ಗೊತ್ತಿದ್ದದ್ದು ಗಂಡನಿಗೆ ಮಾತ್ರ. ಅವನು ಮರದ ಸಾಮಾನಿಗೆ ಪಾಲಿಶ್ ಹಾಕುವವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ನೋವು ಜಾಸ್ತಿಯಾದ ವರ್ಷ ಹೆಂಡತಿಯ ಮಂಡಿಗೆ ಅವನು ತಾನೇ ಒಂದು ಮುಲಾಮು ಕಾಯಿಸಿ, ತಗಡಿನ ಡಬ್ಬಿಯಲ್ಲಿ ತುಂಬಿ ಕೊಟ್ಟಿದ್ದ. ಹಚ್ಚಿದರೆ ಮಂಡಿ ಕಾದು, ನೋವು ಎರಡು ಗಂಟೆ ಸುಮ್ಮನಿರುತ್ತಿತ್ತು. ಅವಳು ಅದನ್ನು ಹಚ್ಚುತ್ತಿದ್ದದ್ದು ಚಳಿ ಪ್ರಯೋಗದ ದಿನ ಮಾತ್ರ, ಬಟ್ಟೆ ಬದಲಾಯಿಸುವ ಕೋಣೆಯ ಚಿಲಕ ಹಾಕಿಕೊಂಡು. ಕಿತ್ತಳೆಯನ್ನೂ ಬಿಡದವಳು ಇದನ್ನು ಹೇಗೆ ಒಳಗೆ ಬಿಟ್ಟಳು ಎಂದರೆ, ಅವಳ ಲೆಕ್ಕದಲ್ಲಿ ಕಿತ್ತಳೆ ವಾಸನೆ, ಇದು ಮದ್ದು. ಮೇಲೆ ಎರಡು ಪದರ ಪ್ಯಾಂಟು, ಅದರ ಮೇಲೆ ಸೂಟು. ಚಳಿಯಲ್ಲಿ ಮೂಗಿಗೆ ಏನೂ ಬಡಿಯುತ್ತಿರಲಿಲ್ಲ.

ಆ ವರ್ಷ ಚಳಿ ಪ್ರಯೋಗಗಳು ಹನ್ನೊಂದು ಆದವು. ಹನ್ನೊಂದರಲ್ಲೂ ಕಣಗಳು ಲೆಕ್ಕ ಹೇಳಿದ್ದಕ್ಕಿಂತ ಬಹಳ ಹೆಚ್ಚು, ಸರಾಸರಿ ತೆಗೆದರೆ ಹತ್ತಿರ ಹತ್ತಿರ ಎರಡರಷ್ಟು. ಇಷ್ಟು ದಿನ ಎಲ್ಲರೂ ನಂಬಿದ್ದಕ್ಕಿಂತ ಚಳಿಯ ಎಳೆತ ಜೋರಾಗಿದೆ ಎಂದಾಯಿತು. ದೊಡ್ಡ ಡಾಕ್ಟರು ಬಾಯಿ ಬಿಟ್ಟು "ಭೇಷ್" ಎಂದರು. ಸಣ್ಣ ಡಾಕ್ಟರ ನೌಕರಿಯ ಅವಧಿ ಮುಗಿಯುತ್ತ ಬಂದಿತ್ತು. ಶುಕ್ರವಾರ ಸಮಿತಿಯ ಮುಂದೆ ಈ ಫಲಿತಾಂಶ ಇಟ್ಟರೆ ಇನ್ನು ಮೂರು ವರ್ಷ ಖಾತ್ರಿ ಎಂದು ಎಲ್ಲರೂ ಹೇಳುತ್ತಿದ್ದರು. ಅದಕ್ಕೆ ಮುಂಚೆ ಬುಧವಾರ ಕೊನೆಯ, ಹನ್ನೆರಡನೆಯ ಪ್ರಯೋಗ.

ಸೋಮವಾರ ಮಧ್ಯಾಹ್ನ ಸಣ್ಣ ಡಾಕ್ಟರು ಎಣ್ಣೆಯ ಶೀಶೆಯನ್ನು ಫ್ರಿಜ್ಜಿನಿಂದ ತೆಗೆದು ನೋಡುವಾಗ ಸಡಿಲ ಮುಚ್ಚಳದಿಂದ ಒಂದು ಹನಿ ಅವಳ ಕೈಗವಸಿನ ಮೇಲೆ ಬಿತ್ತು. ಯಾವಾಗಲೂ ಆ ಶೀಶೆಯನ್ನು ಹೊಗೆ ಎಳೆಯುವ ಗಾಜಿನ ಪೆಟ್ಟಿಗೆಯೊಳಗೇ ಬಿಚ್ಚುವುದು. ಹಾಗಾಗಿ ಇಷ್ಟು ವರ್ಷದಲ್ಲಿ ಅಕ್ಕನ ಮೂಗಿಗೆ ಅದು ತಾಗಿದ್ದು ಅವತ್ತೇ ಮೊದಲು. ಇದೇನು ನಮ್ಮ ಮನೆಯ ವಾಸನೆ ಬರ್ತಿದೆಯಲ್ಲ ಎಂದುಕೊಂಡಳು, ಅಷ್ಟೇ.

ಸಣ್ಣ ಡಾಕ್ಟರು ಕೈಗವಸು ಬಿಸಾಡಿ ಲ್ಯಾಪ್‌ಟಾಪ್ ಮುಂದೆ ಕೂತಳು. "ಅಕ್ಕ, ಚಳಿ ದಿನ ನೀವು ಏನೇನು ಮಾಡ್ತೀರೋ ಒಂದೊಂದಾಗಿ ಹೇಳಿ, ಬರ್ಕೋತೀನಿ. ಪುಸ್ತಕದಲ್ಲಿ ಇರೋದಲ್ಲ, ನೀವು ನಿಜವಾಗಿ ಮಾಡೋದು. ಸಮಿತಿಯವರು ಕೇಳ್ತಾರೆ."

"ಏನಿದೆ ಹೇಳೋಕೆ? ಬರ್ತೀನಿ, ಕಂಪ್ರೆಸರ್ ಹತ್ರ ನಿಂತು ಸದ್ದು ಕೇಳ್ತೀನಿ. ಕೋಣೆ ಇಳಿದಿದೆಯಾ ನೋಡ್ತೀನಿ. ಬಟ್ಟೆ ಬದಲಾಯಿಸ್ತೀನಿ. ಮಂಡಿಗೆ..."

ಬಾಯಿಂದ ಅಷ್ಟು ಬಂದದ್ದೇ ತಡ, ಮೂಗಿನಲ್ಲಿದ್ದ ವಾಸನೆಯೂ ಬಾಯಿಯಲ್ಲಿದ್ದ ಮಾತೂ ಒಂದಕ್ಕೊಂದು ಢಿಕ್ಕಿ ಹೊಡೆದವು.

"ಮಂಡಿಗೆ ಏನು?"

"ಮಂಡಿಗೆ ಪಟ್ಟಿ ಕಟ್ಕೋತೀನಿ. ನೆಲ ತಣ್ಣಗಿರುತ್ತಲ್ಲ."

ಸಣ್ಣ ಡಾಕ್ಟರು 'ಮಂಡಿಗೆ ಪಟ್ಟಿ' ಎಂದು ಬರೆದುಕೊಂಡಳು. ಅಕ್ಕ ಉಳಿದದ್ದನ್ನೆಲ್ಲ ಹೇಗೋ ಹೇಳಿ ಮುಗಿಸಿ, ಇಲ್ಲದ ಕೆಲಸ ಹುಡುಕಿಕೊಂಡು ಎದ್ದು ಹೋದಳು.

ಸಂಜೆ ಚಪ್ಪಲಿ ಕೂಡ ಬಿಡದೆ ಗಂಡನ ಅಂಗಡಿಯಲ್ಲಿ ನಿಂತಳು. ಅವನು ಒಂದು ಕುರ್ಚಿಯ ಕಾಲು ಉಜ್ಜುತ್ತಿದ್ದ.

"ರೀ, ನನ್ನ ಮುಲಾಮಿಗೆ ಏನೇನು ಹಾಕ್ತೀರಿ?"

"ಯಾಕೆ, ಯಾರಾದ್ರೂ ಕೇಳಿದ್ರಾ? ಹೇಳ್ಬೇಡ, ಗುಟ್ಟು" ಎಂದು ಅವನು ಹೆಮ್ಮೆಯಿಂದ ನಕ್ಕ. "ಮೇಣ, ಕರ್ಪೂರ, ಟರ್ಪೆಂಟೈನ್."

"ಟರ್ಪೆಂಟೈನ್ ಎಲ್ಲಿಂದ ಬರುತ್ತೆ?"

"ಅಂಗಡಿಯಿಂದ."

"ಅಯ್ಯೋ, ಅಂಗಡಿಗೆ ಎಲ್ಲಿಂದ ಬರುತ್ತೆ?"

"ಪೈನ್ ಮರದ ಅಂಟು ಕಾಯಿಸಿ ಇಳಿಸ್ತಾರೆ. ಇದೆಲ್ಲ ಯಾಕೆ ಈಗ? ಮುಖ ಯಾಕೆ ಹಾಗಿದೆ? ಇನ್ನೂ ಸ್ವಲ್ಪ ಜಾಸ್ತಿ ಹಾಕ್ಲಾ?"

ಅವಳಿಗೆ ಅವನ ಮೇಲೆ ಸಿಟ್ಟು ಬಂತು. ಸಿಟ್ಟು ಮಾಡಲು ಕಾರಣವೇ ಇಲ್ಲದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಶೀಶೆಯ ಮೇಲೆ ಉದ್ದನೆಯ ಹೆಸರು ಬರೆದು ಬೀಗ ಹಾಕಿಟ್ಟ ಎಣ್ಣೆಯೂ ಪೈನ್ ಮರದ್ದೇ. ಸೂಜಿಯಲ್ಲಿ ಅಳೆದು ಅಳೆದು ಸೊಳ್ಳೆಯ ಹೊಟ್ಟೆಯಷ್ಟು ಬಿಡುವುದನ್ನೇ ತಾನು ಎರಡು ಮಂಡಿಗೆ ಬಳಿದುಕೊಂಡು ಒಳಗೆ ಹೋಗಿ ಕೂತಿದ್ದಳು. ಒಂದು ಸಲವಲ್ಲ, ಹನ್ನೊಂದು ಸಲ. ಊರಿಗೆಲ್ಲ ಮುಖ ತೊಳೆಸಿದವಳು! ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಮನಸ್ಸು ಕೂಡಲೇ ವಕೀಲನಂತೆ ವಾದ ಹೂಡಿತು. ಎಣ್ಣೆ ಹಾಕದೆ ಬರೀ ಓಜೋನ್ ಬಿಟ್ಟು ಚೀಲ ಸ್ವಚ್ಛವಾಗಿದೆಯೇ ಎಂದು ನೋಡುವ ಖಾಲಿ ಪ್ರಯೋಗಗಳನ್ನೂ ಮಾಡಿದ್ದರಲ್ಲ? ಅವುಗಳಲ್ಲಿ ಏನೂ ಬರಲಿಲ್ಲವಲ್ಲ? ನಿಜ, ಆದರೆ ಅವುಗಳನ್ನು ಮಾಡುತ್ತಿದ್ದದ್ದು ಸೋಮವಾರ. ಭಾನುವಾರದ ವಿಶ್ರಾಂತಿಯಿಂದ ಮಂಡಿ ಹಗುರವಾಗಿರುತ್ತಿತ್ತು, ಡಬ್ಬಿ ಬಿಚ್ಚುವ ಅಗತ್ಯವೇ ಇರುತ್ತಿರಲಿಲ್ಲ. ಅವಳು ಒಳಗಿಂದ ಬಂದ ಮೇಲೆ ಗಾಳಿ ಹಾಯಿಸಿ ಚೀಲ ತೊಳೆಯುತ್ತಿದ್ದರಲ್ಲ? ತೊಳೆಯುತ್ತಿದ್ದರು, ಆದರೆ ಚಳಿಯಲ್ಲಿ ವಾಸನೆ ಗೋಡೆ ಬಿಟ್ಟು ಬೇಗ ಏಳುವುದಿಲ್ಲ, ಅದನ್ನೂ ಸಣ್ಣ ಡಾಕ್ಟರೇ ಹೇಳಿದ್ದಳು. ಚೀಲದೊಳಗಿನ ಎಣ್ಣೆಯನ್ನು ಅಳೆಯುವ ಯಂತ್ರವಾದರೂ ಹಿಡಿಯಬಾರದಿತ್ತೇ? ಅದು ಒಂದು ವರ್ಷದಿಂದ ರಿಪೇರಿಯಲ್ಲಿತ್ತು. ಸೂಜಿಯಲ್ಲಿ ಬಿಟ್ಟದ್ದೇ ಲೆಕ್ಕ ಎಂದು ಬರೆದುಕೊಂಡಿದ್ದರು. ವಕೀಲ ಸೋತು ಕೂತ.

ಮಂಗಳವಾರ ಇಡೀ ದಿನ ಅವಳು ಕಟ್ಟಡ ಸುತ್ತಿದಳು. ಸರಿಯಿದ್ದ ವಾಲ್ವನ್ನು ಬಿಚ್ಚಿ ಮತ್ತೆ ಬಿಗಿದಳು. ಬೇಡದ ಕಡೆ ಗ್ರೀಸ್ ಹಚ್ಚಿದಳು. ಹೇಳಿಬಿಡಬೇಕು ಎಂದು ಮೂರು ಸಲ ಸಣ್ಣ ಡಾಕ್ಟರ ಬಾಗಿಲಿಗೆ ಹೋದಳು. ಮೊದಲ ಸಲ ಅವಳು ಫೋನಿನಲ್ಲಿದ್ದಳು, "ಅಮ್ಮ, ಈ ಸಲ ಆಗೇ ಆಗುತ್ತೆ, ನೀನು ಮನೆ ಖಾಲಿ ಮಾಡೋ ಮಾತು ಆಡ್ಬೇಡ" ಎನ್ನುತ್ತಿದ್ದಳು. ಎರಡನೆಯ ಸಲ ದೊಡ್ಡ ಡಾಕ್ಟರು ಒಳಗಿದ್ದರು. ಮೂರನೆಯ ಸಲ ಯಾರೂ ಇರಲಿಲ್ಲ, ಅವಳೊಬ್ಬಳೇ ಇದ್ದಳು, ತಲೆಯೆತ್ತಿ "ಏನಕ್ಕ?" ಎಂದಳು. "ಊಟ ಆಯ್ತಾ ಕೇಳೋಣ ಅಂತ" ಎಂದು ಅಕ್ಕ ವಾಪಸು ಬಂದಳು. ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಹೇಳಿದರೆ ಆ ಹುಡುಗಿಯ ನಾಲ್ಕು ವರ್ಷ ನೀರುಪಾಲು, ತನಗೆ ಚಳಿಕೋಣೆಯ ಬಾಗಿಲು ಬಂದ್. ಹೇಳದಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಎಷ್ಟು ಸುಖ ಎಂದು ಅವಳಿಗೆ ಅವತ್ತು ತಿಳಿಯಿತು.

ಕೊನೆಗೆ ಹೇಡಿಗಳೆಲ್ಲ ಹಿಡಿಯುವ ನಡುದಾರಿಯನ್ನು ಅವಳೂ ಹಿಡಿದಳು. ಇನ್ನು ಮೇಲೆ ಹಚ್ಚುವುದಿಲ್ಲ, ಆದದ್ದು ಆಗಿಹೋಯಿತು.

ಬುಧವಾರ ಸೋಪು ಹಾಕಿ ಎರಡು ಸಲ ಮಂಡಿ ತೊಳೆದು, ಹೊಸ ಬಟ್ಟೆ ತೊಟ್ಟು ಒಳಗೆ ಹೋದಳು. ಮೊದಲ ಐದು ನಿಮಿಷದಲ್ಲೇ ಕಣ್ಣಲ್ಲಿ ನೀರು. ಮಂಡಿಯೊಳಗೆ ಯಾರೋ ಮೊಳೆ ಹೊಡೆಯುತ್ತಿರುವಂತೆ ಆಯಿತು. ಇಪ್ಪತ್ತು ನಿಮಿಷದ ಕೆಲಸಕ್ಕೆ ಮೂವತ್ತೈದು ಹಿಡಿಯಿತು. ಹೊರಗೆ ಬಂದಾಗ ಸಣ್ಣ ಡಾಕ್ಟರು "ಯಾಕಕ್ಕ ಲೇಟು?" ಎಂದಳು. "ಹಿಮ ಜಾಸ್ತಿ ಇತ್ತು" ಎಂದಳು ಅಕ್ಕ.

ಎಣ್ಣೆ ಬಿಟ್ಟರು, ಓಜೋನ್ ಬಿಟ್ಟರು. ಪರದೆಯ ಮೇಲಿನ ಗೆರೆ ಎದ್ದಿತು, ಅರ್ಧಕ್ಕೆ ಬಂದು ಮಲಗಿತು. ಲೆಕ್ಕ ಹೇಳಿದಷ್ಟೇ, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಸಣ್ಣ ಡಾಕ್ಟರು ಯಂತ್ರವನ್ನು ತಟ್ಟಿದಳು, ಕೊಳವೆ ಅಲುಗಿಸಿದಳು, ಸೂಜಿಯನ್ನು ಬೆಳಕಿಗೆ ಹಿಡಿದಳು. ದೊಡ್ಡ ಡಾಕ್ಟರನ್ನು ಕರೆದಳು. ಅವರು ಕನ್ನಡಕ ಏರಿಸಿ ನೋಡಿ, ಅಪರೂಪಕ್ಕೆ ಪೂರಾ ಒಂದು ವಾಕ್ಯ ಆಡಿದರು.

"ಕೋಣೆ ಸರಿಯಾಗಿ ತಣ್ಣಗಾಗಿಲ್ಲ, ಇವತ್ತಿನದನ್ನ ಬಿಟ್ಟುಬಿಡು."

"ಹೌದು ಸಾರ್. ಈ ರನ್ ಕೆಟ್ಟಿದೆ, ಲೆಕ್ಕಕ್ಕೆ ತಗೊಳ್ಳಲ್ಲ" ಎಂದಳು ಸಣ್ಣ ಡಾಕ್ಟರು, ಮತ್ತೆ ಅಕ್ಕನ ಕಡೆ ತಿರುಗಿ ಮೆಲ್ಲಗೆ, "ಕಂಪ್ರೆಸರ್ ಏನಾದ್ರೂ ತೊಂದ್ರೆ ಕೊಡ್ತಾ ಅಕ್ಕ?"

ಹನ್ನೆರಡರಲ್ಲಿ ನೆಟ್ಟಗಿದ್ದದ್ದು ಅದೊಂದೇ. ಅದನ್ನೇ ಕೆಟ್ಟದ್ದೆಂದು ಎತ್ತಿ ಬಿಸಾಡಲು ಹೊರಟಿದ್ದರು. ಬಿಸಾಡಿಬಿಟ್ಟರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು. ಆದರೆ ಅಕ್ಕನ ಮೈಯೆಲ್ಲ ಉರಿಯಿತು. ಹದಿಮೂರು ವರ್ಷ ಒಂದು ದಿನವೂ ಸುಳ್ಳು ಹೇಳದ ಕಂಪ್ರೆಸರಿನ ಮೇಲೆ ತನ್ನ ಸುಳ್ಳನ್ನು ಹೊರಿಸುವುದನ್ನು ನೋಡಿಕೊಂಡು ನಿಲ್ಲಲು ಅವಳಿಂದ ಆಗಲಿಲ್ಲ.

"ಕೋಣೆ ಸರಿಯಾಗೇ ಇದೆ. ಇವತ್ತಿನದೇ ಸರಿ, ಉಳಿದ ಹನ್ನೊಂದು ಕೆಟ್ಟಿರೋದು" ಎಂದಳು. ಜೇಬಿನಿಂದ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟಳು. "ಇದನ್ನ ಹಚ್ಕೊಂಡು ಒಳಗೆ ಹೋಗ್ತಿದ್ದೆ. ಮಂಡಿ ನೋವಿಗೆ. ಟರ್ಪೆಂಟೈನ್ ಇದೆ ಇದರಲ್ಲಿ."

ಸಣ್ಣ ಡಾಕ್ಟರು ಮುಚ್ಚಳ ತೆಗೆದು ಮೂಸಿದಳು. ಎರಡನೆಯ ಸಲ ಮೂಸಲಿಲ್ಲ.

"ವಾಸನೆ ಅಂತ ನನ್ನ ಶಾಂಪೂನೂ ಬದಲಾಯಿಸೋ ಹಾಗೆ ಮಾಡಿದ್ರಿ ನೀವು" ಎಂದಳು. "ನಾಲ್ಕು ವರ್ಷ ನಾನು ಒಂದು ಹೂವಿನ ಹತ್ರ ನಿಂತು ಬಂದ್ರೂ ಹೊರಗೆ ನಿಲ್ಲಿಸಿದ್ರಿ. ಮೊನ್ನೆ ಸೋಮವಾರ ಕೇಳಿದೆ, ಒಂದೊಂದಾಗಿ ಹೇಳಿ ಅಂದೆ. ಪಟ್ಟಿ ಅಂದ್ರಿ. ನಾನು ಪಟ್ಟಿ ಅಂತ ಬರ್ಕೊಂಡೆ!"

ಸಣ್ಣ ಡಾಕ್ಟರು ಹೊರಗೆ ಹೋದಳು, ಬಾಗಿಲು ಧಡಾರ್ ಎಂದಿತು. ದೊಡ್ಡ ಡಾಕ್ಟರು ಡಬ್ಬಿಯನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿ, ಮಾಮೂಲಿನಂತೆ ಏನೂ ಹೇಳದೆ ಹೋದರು. ಅವತ್ತು ಅಕ್ಕ ಬಸ್ಸು ಹತ್ತಲಿಲ್ಲ, ಆ ಮಂಡಿಯಲ್ಲೇ ಮನೆವರೆಗೂ ನಡೆದಳು.

ಗುರುವಾರ ಸಣ್ಣ ಡಾಕ್ಟರು ಬೆಳಿಗ್ಗೆಯೇ ಬಂದಿದ್ದಳು, ಕಣ್ಣು ಊದಿತ್ತು. ಮಾತು ಬೇಕಾದಷ್ಟೇ. "ಹಚ್ಕೊಳ್ಳಿ, ಯಾವಾಗಿನ ಹಾಗೆ. ಒಳಗೆ ಹೋಗಿ ಬನ್ನಿ. ಇವತ್ತು ಸೂಜಿ ಹಾಕಲ್ಲ, ಓಜೋನ್ ಮಾತ್ರ." ಅಕ್ಕ ಹಚ್ಚಿಕೊಂಡು ಹೋಗಿ ಬಂದಳು. ಒಂದು ತೊಟ್ಟು ಎಣ್ಣೆಯನ್ನೂ ಬಿಡದ ಚೀಲದಲ್ಲಿ ಗೆರೆ ಸರಸರನೆ ಏರಿತು. ಅವಳ ಎರಡು ಮಂಡಿಯಿಂದ ಎದ್ದ ಮಬ್ಬು ಅದು. ಸಣ್ಣ ಡಾಕ್ಟರು ಅದನ್ನು ಬರೆದುಕೊಂಡಳು.

ಶುಕ್ರವಾರ ಸಮಿತಿಯ ಮುಂದೆ ಸಣ್ಣ ಡಾಕ್ಟರು ಎಲ್ಲವನ್ನೂ ಇದ್ದ ಹಾಗೇ ಹೇಳಿದಳಂತೆ. ಚಳಿಯಲ್ಲಿ ಹಗುರವಾದದ್ದೂ ಕಣವಾಗಿ ಕೂರುತ್ತದೆ, ಭಾರ ಹೊರುವ ಕೆಲಸ ಮಾತ್ರ ನಿಧಾನವಾಗುತ್ತದೆ, ಎರಡೂ ಸೇರಿ ಮೊದಲಿನವರು ಹಾಕಿದ್ದ ಲೆಕ್ಕದ ಹತ್ತಿರವೇ ಬರುತ್ತದೆ. ಅದನ್ನೂ ಗಟ್ಟಿಯಾಗಿ ಹೇಳಲು ನೆಟ್ಟಗಿನ ಚಳಿ ಪ್ರಯೋಗ ಇರುವುದು ಒಂದೇ. ಒಬ್ಬರು ನಕ್ಕರಂತೆ. ಮೂರು ವರ್ಷ ಕೇಳಿದ್ದಕ್ಕೆ ಒಂದು ವರ್ಷ ಕೊಟ್ಟರು. ಅಕ್ಕನಿಗೆ ಕಚೇರಿಯಿಂದ ಎರಡು ಸಾಲಿನ ಕಾಗದ ಬಂತು: ಇನ್ನು ಮುಂದೆ ಚಳಿಕೋಣೆಯೊಳಗೆ ಪ್ರವೇಶವಿಲ್ಲ, ಹೊರಗಿನ ಯಂತ್ರಗಳ ಹೊಣೆ ಮಾತ್ರ.

ಶನಿವಾರ ಭಾನುವಾರ ಅವಳು ಮನೆಯಲ್ಲಿ ನೆಲ ಸವೆಯುವಷ್ಟು ತಿರುಗಿದಳು. "ಕೂತ್ಕೊಳ್ಳೇ, ನೋಡೋಕೆ ನನಗೇ ಕಾಲು ನೋಯುತ್ತೆ" ಎಂದ ಗಂಡ. ಹೊಸ ಡಬ್ಬಿ ತಂದು ಅವಳ ಮುಂದೆ ಇಟ್ಟ, ತೆಗೆದುಕೊಂಡು ಹೋಗಿ ಮತ್ತೆ ಒಳಗಿಟ್ಟ. ಅವನಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಹೊರಗಿನ ಯಂತ್ರ ಕಾಯುವುದಾದರೆ ಹಣ್ಣಿನ ಕೋಲ್ಡ್ ಸ್ಟೋರೇಜೇ ಸಾಕು, ಅಲ್ಲಿ ಈಗಲೂ ಕರೆಯುತ್ತಾರೆ ಎಂದು ಅವಳು ತೀರ್ಮಾನಿಸಿದಳು. ಸೋಮವಾರ ರಾಜೀನಾಮೆ ಬರೆದುಕೊಂಡು ಬಂದಳು.

ಸಣ್ಣ ಡಾಕ್ಟರು ಅವಳ ಕೈಯಲ್ಲಿದ್ದ ಕಾಗದದ ಕಡೆ ನೋಡಲೇ ಇಲ್ಲ. "ಇಲ್ಲಿ ಬನ್ನಿ" ಎಂದು ಪರದೆಯ ಮುಂದೆ ಕುರ್ಚಿ ಎಳೆದಳು. ಅಕ್ಕ ಕೂರಲಿಲ್ಲ.

ಪರದೆಯ ಮೇಲೆ ಹನ್ನೊಂದು ಕಡ್ಡಿಗಳು ಸಾಲಾಗಿ ನಿಂತಿದ್ದವು. ಮೊದಲನೆಯದು ಗಿಡ್ಡ, ಹನ್ನೊಂದನೆಯದು ಎಲ್ಲಕ್ಕಿಂತ ಎತ್ತರ.

"ಹನ್ನೊಂದರಲ್ಲೂ ಚಳಿ ಒಂದೇ, ಸೂಜಿ ಒಂದೇ, ಓಜೋನ್ ಒಂದೇ. ಸರಾಸರಿ ತೆಗೆದು ಸುಮ್ಮನಾಗಿದ್ದೆ, ಬಿಡಿಸಿ ನೋಡಿರ್ಲಿಲ್ಲ. ಎಣ್ಣೆಯಿಂದ ಬರಬೇಕಾದ್ದನ್ನ ಕಳೆದಿದ್ದೀನಿ. ಉಳಿದದ್ದು ಇಷ್ಟು" ಎಂದಳು. "ಇದು ನಿಮ್ಮದು."

ಅಕ್ಕ ನೋಡುತ್ತ ನಿಂತಳು. ಕಡ್ಡಿಗಳು ಮೆಟ್ಟಿಲಿನಂತೆ ಏರುತ್ತ ಹೋಗಿದ್ದವು, ಒಂದು ಕಡೆ ಮಾತ್ರ ತಗ್ಗು.

"ಏಳನೇದು ಯಾಕೆ ಕಡಿಮೆ?" ಎಂದು ಸಣ್ಣ ಡಾಕ್ಟರು ಕೇಳಿದಳು.

"ಅವತ್ತು ಡಬ್ಬಿ ಖಾಲಿ ಆಗಿತ್ತು. ತಳ ಕೆರೆದು ಹಚ್ಕೊಂಡಿದ್ದೆ."

"ಒಂಬತ್ತು ಯಾಕೆ ಇಷ್ಟು ಎತ್ತರ?"

"ಅವತ್ತು ಲಿಫ್ಟ್ ಕೆಟ್ಟಿತ್ತು. ಮೂರು ಮಹಡಿ ಹತ್ತಿ ಬಂದಿದ್ದೆ."

"ಹನ್ನೊಂದು?"

"ಎರಡು ಸಲ ಹಚ್ಚಿದೆ. ಆದ್ರೂ ಒಳಗಿಂದ ಎದ್ದು ಬರೋಕೆ ಆಗ್ಲಿಲ್ಲ. ತೆವಳ್ಕೊಂಡು ಬಂದು, ಬಾಗಿಲ ಹತ್ರ ಎದ್ದು ನಿಂತೆ. ನಿಮಗೆ ಕಾಣದ ಹಾಗೆ."

ಸಣ್ಣ ಡಾಕ್ಟರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅವಳ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ, ಅ‌ದು ಮುಖದಲ್ಲಿ ಕಾಣುತ್ತಿತ್ತು. "ಹನ್ನೊಂದೂ ಮತ್ತೆ ಮಾಡ್ಬೇಕು. ಒಳಗೆ ನಾನು ಹೋಗ್ತೀನಿ. ಹೇಗೆ ಒರೆಸೋದು ಅಂತ ಹೊರಗಿಂದ ಹೇಳಿಕೊಡೋಕೆ ಜನ ಬೇಕು" ಎಂದಳು. ಅಕ್ಕನ ಕೈಯಲ್ಲಿದ್ದ ಕಾಗದವನ್ನು ತೆಗೆದುಕೊಂಡು, ಓದದೆ, ಮಡಿಸಿ ಮೇಜಿನ ಮೇಲೆ ಇಟ್ಟಳು. ಆಮೇಲೆ, "ಆ ಹನ್ನೊಂದನೇ ದಿನ ಗೆರೆ ಏರೋದು ನೋಡ್ತಾ ನಾನು ಗಾಜಿನ ಈಚೆ ಕುಣೀತಿದ್ದೆ ಅಕ್ಕ" ಎಂದಳು.

"ನೋಡ್ದೆ" ಎಂದಳು ಚೀಲದಕ್ಕ. "ಅದನ್ನ ನೋಡಿದ್ದಕ್ಕೇ ಮಂಗಳವಾರ ನಿಮ್ಮ ಬಾಗಿಲಿಗೆ ಬಂದ್ರೂ ಹೇಳೋಕೆ ಬಾಯಿ ಬರ್ಲಿಲ್ಲ."